ಕುಟ್ಟೆ ಹುಳಕ್ಕೆ ಬಿಸಿ ಮುಟ್ಟಿಸಿದ್ದು

ಕುಟ್ಟೆ, ಅಂದರೆ ಮರವನ್ನು ಒಳಗಿಂದ ತಿಂದು ಪುಡಿ ಮಾಡುವ ಹುಳು, ಹಿಡಿದ ಮರಕ್ಕೆ ಒಲೆಯೇ ಗತಿ. ಸುಳ್ಯ, ಪುತ್ತೂರು ಕಡೆ ಯಾವ ಆಚಾರಿಯನ್ನು ಕೇಳಿದರೂ ಇದೇ ಮಾತು. ಡೀಸೆಲ್ ಹಚ್ಚಿ ನೋಡಿ, ನಿಲ್ಲದಿದ್ದರೆ ಸುಟ್ಟುಬಿಡಿ ಅಂತಾರೆ. ನಾನು ಸುಡಲಿಲ್ಲ. ಅಡಿಕೆ ಒಣಗಿಸುವ ಪಾಲಿಹೌಸಿನಲ್ಲಿ ಮರ ಪೇರಿಸಿ ಬೇಯಿಸಿದೆ. ಆಗ ನಕ್ಕವರಲ್ಲಿ ಕೆಲವರು ಕಳೆದ ಬೇಸಿಗೆಯಲ್ಲಿ ತಮ್ಮದೇ ಮರವನ್ನು ಪಿಕಪ್ಪಿನಲ್ಲಿ ಹೇರಿಕೊಂಡು ನನ್ನ ಹತ್ತಿರ ಬಂದರು. ಹಾಗಾಗಿ ಈಗ ಬರೆಯಲು ಧೈರ್ಯ ಬಂದಿದೆ.

ಇದು ಮರಗೆಲಸ ಗೊತ್ತಿದ್ದವರಿಗೆ. ಮರದ ನಡುವಿನ ಗಟ್ಟಿ ಕೆಚ್ಚು ಯಾವುದು, ಅದರ ಸುತ್ತಲಿನ ಬಿಳಿ ಭಾಗ ಯಾವುದು ಅಂತ ಹೇಳುತ್ತಾ ಕೂರುವುದಿಲ್ಲ. ಗೆದ್ದಲಿನ ವಿಷಯವೂ ಇದಲ್ಲ. ಗೆದ್ದಲು ಮಣ್ಣಿನಿಂದ ಬರುತ್ತದೆ, ಗೋಡೆ ಮೇಲೆ ಮಣ್ಣಿನ ದಾರಿ ಕಟ್ಟುತ್ತದೆ, ಆ ದಾರಿ ಕಡಿದರೆ ಅರ್ಧ ಕೆಲಸ ಮುಗಿಯಿತು. ಕುಟ್ಟೆ ಹುಳಕ್ಕೆ ಮಣ್ಣೂ ಬೇಡ, ನೀರೂ ಬೇಡ. ಪಾಲಿಶ್ ಹೊಡೆದು ಹಾಲ್‌ನಲ್ಲಿಟ್ಟ ಕುರ್ಚಿಯೊಳಗೆ ಕೂತು ಹಾಯಾಗಿ ತಿನ್ನುತ್ತದೆ.

ನನಗೆ ಈ ಹುಳದ ಸಹವಾಸ ಅಂಟಿದ್ದು ರಬ್ಬರ್ ಮರದಿಂದ. ಸುಳ್ಯದ ಸುತ್ತಮುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ, ಖಾಸಗಿಯವರದ್ದೂ ಬೇಕಾದಷ್ಟಿದೆ. ಇಪ್ಪತ್ತೈದು ಮೂವತ್ತು ವರ್ಷ ಆಗಿ ಹಾಲು ಕಡಿಮೆಯಾದರೆ ಮರ ಕಡಿಯುತ್ತಾರೆ. ಸಾಗುವಾನಿ ಒಂದು ಸಿಎಫ್‌ಟಿಗೆ (ಘನ ಅಡಿಗೆ) 3,000 ದಾಟಿ ಹೋದ ಕಾಲದಲ್ಲಿ ಹಸಿ ರಬ್ಬರ್ ಹಲಗೆ ನನಗೆ 400–500ಕ್ಕೆ ಸಿಗುತ್ತಿತ್ತು. ಬಣ್ಣ ಚೆನ್ನ, ಉಳಿ ಹಾಕಲು ಹಿತ, ಪಾಲಿಶ್ ಕೂರುತ್ತದೆ. ಒಂದೇ ತೊಂದರೆ. ಆ ಮರದಲ್ಲಿ ಕೆಚ್ಚು ಅಂತ ಬೇರೆ ಇಲ್ಲ, ತೊಗಟೆಯಿಂದ ನಡುವಿನವರೆಗೂ ಬಿಳಿಯೇ. ಹುಳಕ್ಕೆ ಬೇಕಾದದ್ದು ಅದೇ.

ಮಡಿಕೇರಿ ದಾರಿಯಲ್ಲಿ ಒಬ್ಬರು ಹೋಮ್‌ಸ್ಟೇ ಮಾಡಿದ್ದರು. ಅವರಿಗೆ ಮಂಚ, ಬೆಂಚು, ಟೇಬಲ್ ಎಲ್ಲಾ ರಬ್ಬರ್ ಮರದಲ್ಲೇ ಮಾಡಿಕೊಟ್ಟೆ. ಹಲಗೆಯನ್ನು ಟ್ರೀಟ್‌ಮೆಂಟ್ ಆಗಿದೆ ಅಂತ ಹೇಳಿಯೇ ಕೊಟ್ಟಿದ್ದರು ಮಿಲ್ಲಿನವರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಂಚದ ಕೆಳಗೆ ಬಿಳಿ ಪುಡಿ. ಗುಡಿಸಿದರೆ ಮರುದಿನ ಮತ್ತೆ. "ಆಚಾರ್ರೇ, ಗೆಸ್ಟುಗಳು ಇದು ಎಂತ ಪೌಡರು ಅಂತ ಕೇಳ್ತಾರೆ ಮಾರಾಯ್ರೇ, ನಾನು ಎಂತ ಹೇಳೂದು?" ಅಂತ ಫೋನು. ಕೆಲವು ಮಂಚ ವಾಪಸ್ ತಂದೆ, ಹೊಸದು ಮಾಡಿಕೊಟ್ಟೆ. ಕೂಲಿ, ಮರ, ಬಾಡಿಗೆ ಎಲ್ಲಾ ಸೇರಿ 35–40 ಸಾವಿರ ಕೈಬಿಟ್ಟಿತು. ಆ ವಾಪಸ್ ಬಂದ ಮಂಚಗಳೇ ನನ್ನ ಪ್ರಯೋಗಶಾಲೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಸಿರಿಂಜಿನಲ್ಲಿ ತೂತಿಗೆ ಸೀಮೆಎಣ್ಣೆ. ಡೀಸೆಲ್. ಗೆದ್ದಲಿಗೆ ಹೊಡೆಯುವ ಕ್ಲೋರೋಪೈರಿಫಾಸ್. ಹಳೆ ಎಂಜಿನ್ ಆಯಿಲ್. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ್ದಕ್ಕೆ ಮರ ಕಪ್ಪಾಯಿತು, ಹಚ್ಚಿದ ಹುಡುಗನ ಕೈ ಸುಟ್ಟು ಬೊಬ್ಬೆ ಎದ್ದಿತು. ಹೊರಗಿನ ಬೇಲಿ ಕಂಬಕ್ಕೆ ಅದು ಒಳ್ಳೆಯದೇ, ಮಲಗುವ ಮಂಚಕ್ಕೆ ಯಾರು ಹಚ್ಚಿಕೊಳ್ಳುತ್ತಾರೆ? ಪ್ರತಿಯೊಂದರಲ್ಲೂ ಒಂದೇ ಕತೆ. ಎರಡು ತಿಂಗಳು ಪುಡಿ ನಿಲ್ಲುತ್ತದೆ. ನಾವು ಗೆದ್ದೆವು ಅಂದುಕೊಳ್ಳುತ್ತೇವೆ. ಆಮೇಲೆ ಪಕ್ಕದಲ್ಲೇ ಹೊಸ ತೂತು.

ಯಾಕೆ ಹೀಗೆ ಅಂತ ತಿಳಿಯಲು ಹುಳದ ಬದುಕನ್ನೇ ನೋಡಬೇಕಾಯಿತು. ದೊಡ್ಡ ಹಾರ್ಲಿಕ್ಸ್ ಬಾಟಲಿಯಲ್ಲಿ ರಬ್ಬರ್ ತುಂಡುಗಳನ್ನು ಹಾಕಿ, ಮಂಚದಿಂದ ಹೊರಬಂದ ದುಂಬಿಗಳನ್ನು ಅದರೊಳಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟೆ. ಅಕ್ಕಿ ಕಾಳಿಗಿಂತ ಸಣ್ಣದು, ಚಪ್ಪಟೆ, ಕೆಂಪು ಕಂದು ಬಣ್ಣ. ಹಗಲು ತುಂಡಿನ ಅಡಿಯಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಬಿಟ್ಟರೆ ಓಡಾಡುವುದು ಕಾಣುತ್ತದೆ. ಹೆಣ್ಣು ಹುಳು ಮರದ ಮೇಲೆ ಅಲ್ಲಲ್ಲಿ ಕಚ್ಚಿ ರುಚಿ ನೋಡುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಹಲ್ಲಿನ ಗೀರು ಸಾಲಾಗಿ ಕಾಣುತ್ತದೆ, ಉಗುರಿನಲ್ಲಿ ಕೆರೆದ ಹಾಗೆ. ಗಂಜಿ ಅಂಶ (ಪಿಷ್ಟ) ಇದೆ ಅಂತ ಖಾತ್ರಿಯಾದರೆ ಮಾತ್ರ ಮೊಟ್ಟೆ. ಅದೂ ಮರದ ಮೇಲಲ್ಲ. ರಬ್ಬರ್ ಹಲಗೆಯಲ್ಲಿ ಸೂಜಿ ಗೀರಿನಂತೆ ಉದ್ದಕ್ಕೆ ಕಾಣುವ ರಂಧ್ರಗಳಿವೆಯಲ್ಲ, ನೀರು ಏರುವ ನಾಳ, ಅದರೊಳಗೆ ಹಿಂಬದಿಯ ಉದ್ದ ನಳಿಕೆ ತೂರಿಸಿ ಮೊಟ್ಟೆ ಇಡುತ್ತದೆ.

ಇದು ಗೊತ್ತಾದ ದಿನ ನನಗೆ ಒಂದು ಹಳೆ ಒಗಟು ಬಿಡಿಸಿತು. ಮಂಚದ ಮೇಲ್ಭಾಗ ಚೆನ್ನಾಗಿರುತ್ತದೆ, ಕೆಳಗಿನ ಪಟ್ಟಿಗೆ ಹಿಡಿಯುತ್ತದೆ. ಕಪಾಟಿನ ಬಾಗಿಲು ಸರಿ ಇರುತ್ತದೆ, ಹಿಂದಿನ ಹಲಗೆ ಪುಡಿ. ಪಾಲಿಶ್ ಹೊಡೆದ ಕಡೆ ನಾಳ ಮುಚ್ಚಿಹೋಗಿರುತ್ತದೆ, ಮೊಟ್ಟೆ ಇಡಲು ಜಾಗವಿಲ್ಲ. ನಾವು ಕಾಣದ ಕಡೆ ಪಾಲಿಶ್ ಉಳಿಸುತ್ತೇವೆ, ಹುಳು ಅಲ್ಲೇ ಬರುತ್ತದೆ. ಮರದ ರಂಧ್ರ ಮುಚ್ಚುವ ಸೀಲರ್ ಒಂದು ಲೀಟರ್ ಉಳಿಸಲು ಹೋಗಿ ಮಂಚವೇ ಹೋಗುವುದು ಹೀಗೆ.

ಮೊಟ್ಟೆ ಒಡೆದು ಮರಿ ಬರಲು ಒಂದೆರಡು ವಾರ. ಆಮೇಲೆ ತಿಂಗಳುಗಟ್ಟಲೆ ಒಳಗೇ. ಒಂದು ತುಂಡನ್ನು ಸೀಳಿದಾಗ ಸಿಕ್ಕಿತು: ಕೆನೆ ಬಣ್ಣದ, ಬಾಗಿ ಮಲಗಿದ ಮರಿ, ತಲೆ ಕಡೆ ದಪ್ಪ, ಮೂರು ಜೊತೆ ಪುಟಾಣಿ ಕಾಲು. ಹಿಂದೆ ಪುಡಿಯನ್ನು ಬಿಗಿಯಾಗಿ ತುಂಬಿಕೊಂಡೇ ಮುಂದೆ ಹೋಗುತ್ತದೆ. ಅಂದರೆ ಒಳಗಿನ ಸುರಂಗ ಖಾಲಿ ಕೊಳವೆಯಲ್ಲ, ಮೈದಾ ತುಂಬಿದ ಚೀಲ. ನಮ್ಮ ಸಿರಿಂಜಿನ ಸೀಮೆಎಣ್ಣೆ ಅದರೊಳಗೆ ಬೆರಳುದ್ದವೂ ಹೋಗುವುದಿಲ್ಲ. ಕೊನೆಗೆ ಮೇಲ್ಮೈ ಹತ್ತಿರ ಬಂದು ಕೋಶವಾಗಿ, ದುಂಬಿಯಾಗಿ, ಒಂದರಿಂದ ಎರಡು ಮಿಲಿಮೀಟರ್ ತೂತು ಕೊರೆದು ಹೊರಗೆ ಬರುತ್ತದೆ. ನಮ್ಮ ಸೆಕೆಯಲ್ಲಿ ಇದೆಲ್ಲ ನಾಲ್ಕೈದು ತಿಂಗಳಲ್ಲೇ ಮುಗಿಯಬಹುದು. ಮರ ಒಣಗಿ ಗಂಜಿ ಕಮ್ಮಿ ಇದ್ದರೆ ವರ್ಷವೂ ಆಗುತ್ತದೆ.

ಹಾಗಾದರೆ ನಾವು ಮದ್ದು ಹಾಕುವ ತೂತು ಯಾವುದು? ಹುಳು ಬಿಟ್ಟು ಹೋದ ಮನೆ. ಬಾಡಿಗೆದಾರ ಖಾಲಿ ಮಾಡಿದ ಮೇಲೆ ಬಾಗಿಲಿಗೆ ಬೀಗ ಹಾಕಿದ ಹಾಗೆ. ಇನ್ನೂ ಒಳಗಿರುವವನಿಗೆ ಇನ್ನೂ ತೂತೇ ಇಲ್ಲ.

ಎಲ್ಲ ಪುಡಿಯೂ ಒಂದೇ ಹುಳದ್ದಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರಿನಷ್ಟು ನುಣುಪಾಗಿದ್ದರೆ ಮೇಲೆ ಹೇಳಿದ ಸಣ್ಣ ಹುಳು. ತೂತು ಅದರದ್ದಕ್ಕಿಂತ ದೊಡ್ಡದಿದ್ದು, ಮಿಲ್ಲಿನ ಅಂಗಳದಲ್ಲೇ ಹಸಿ ಮರಕ್ಕೆ ಬಿದ್ದಿದ್ದರೆ ಅದು ಗಿಡ್ಡ ಕರಿ ದುಂಬಿ. ಅದರ ಹಿಂಬದಿ ಕತ್ತರಿಸಿದ ಹಾಗೆ ಇಳಿಜಾರು, ಅಲ್ಲಿ ಎರಡು ಚೂಪು ಮುಳ್ಳು. ಮೊಟ್ಟೆ ಇಡಲು ತಾಯಿ ಹುಳುವೇ ಮರ ಕೊರೆದು ಒಳಗೆ ಹೋಗುತ್ತದೆ. ಬಿದಿರಿಗೆ ಬೀಳುವುದು ಇದೇ ಬಳಗದ ಇನ್ನೊಂದು ಸಣ್ಣ ಜಾತಿ. ಭತ್ತ, ಗೋಧಿಯನ್ನು ಹಿಟ್ಟು ಮಾಡುವ ಒಂದು ನುಸಿಯೂ ಈ ಕುಟುಂಬದ್ದೇ. ಇನ್ನು ರಾತ್ರಿ ಕರಕರ ಸದ್ದು ಕೇಳಿ, ಒರಟು ಪುಡಿ ಬಿದ್ದು, ಪೆನ್ಸಿಲ್ ಹೋಗುವಷ್ಟು ತೂತಾದರೆ ಅದು ಉದ್ದ ಮೀಸೆಯ ಜಾತಿ. ಅದರ ಮರಿ ಒಣ ಮರದೊಳಗೆ ವರ್ಷಗಟ್ಟಲೆ ಇರಬಲ್ಲದು. ಮದುವೆಗೆ ಮಾಡಿಸಿದ ಕಪಾಟಿನಿಂದ ಮಗು ಶಾಲೆಗೆ ಹೋಗುವ ಹೊತ್ತಿಗೆ ದುಂಬಿ ಹೊರಬಂದರೆ ಆಶ್ಚರ್ಯಪಡಬೇಡಿ. ಕಾಫಿಯವರು ಬಂದು, ಇದು ನಮ್ಮ ಗಿಡದ ಬಿಳಿ ಕಾಂಡಕೊರಕವೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಅದು ಜೀವಂತ ಅರೇಬಿಕಾ ಗಿಡಕ್ಕೆ ಬರುವುದು, ನಿಮ್ಮ ಡೈನಿಂಗ್ ಟೇಬಲಿಗೆ ಬರುವುದಿಲ್ಲ.

ಗಂಜಿ ನೋಡುವ ಉಪಾಯ ಒಂದು ಹೇಳುತ್ತೇನೆ, ಖರ್ಚು ಐವತ್ತು ರೂಪಾಯಿಯೂ ಇಲ್ಲ. ಮೆಡಿಕಲ್ ಶಾಪಿನಿಂದ ಟಿಂಚರ್ ಅಯೋಡಿನ್ ತನ್ನಿ. ಹಲಗೆಯ ತುದಿಯನ್ನು ಚೂಪು ಉಳಿಯಿಂದ ತೆಳ್ಳಗೆ ಸವರಿ ಹೊಸ ಮುಖ ತೆಗೆದು ಎರಡು ಹನಿ ಬಿಡಿ. ಹಲಸಿನ ಹಳದಿ ಕೆಚ್ಚಿನ ಮೇಲೆ ಅದು ಕಂದಾಗಿಯೇ ಉಳಿಯುತ್ತದೆ. ರಬ್ಬರಿನ ಮೇಲೆ ನಿಂತ ನಿಲುವಿನಲ್ಲಿ ನೀಲಿ ಕಪ್ಪು ಚುಕ್ಕೆ ಏಳುತ್ತವೆ. ಮಾವಿನ ಬಿಳಿ ಭಾಗ ಮರದಿಂದ ಮರಕ್ಕೆ ಬೇರೆ. ಕಪ್ಪಾದರೆ ಹುಳು ಬರುವ ಮರ, ಆಗದಿದ್ದರೆ ಬಹುಮಟ್ಟಿಗೆ ಬರಲ್ಲ. ನಾನೀಗ ಮಿಲ್ಲಿಗೆ ಹೋಗುವಾಗ ಜೇಬಿನಲ್ಲಿ ಬಾಟಲಿ ಇಟ್ಟುಕೊಂಡೇ ಹೋಗುವುದು. ಮಿಲ್ಲಿನವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ.

ಅಂದ ಹಾಗೆ ಪೈನ್ ಮರಕ್ಕೆ ಈ ಸಣ್ಣ ಹುಳು ಬರುವುದಿಲ್ಲ, ಅದರಲ್ಲಿ ಮೊಟ್ಟೆ ಇಡುವಂಥ ನಾಳವೇ ಇಲ್ಲ. ಬಿಸಿಯ ಯೋಚನೆ ಬಂದದ್ದೂ ಪೈನಿನಿಂದಲೇ. ಮಂಗಳೂರು ಬಂದರಿನ ಕಡೆಯಿಂದ ಗುಜರಿಗೆ ಬರುವ ಪ್ಯಾಲೆಟ್ ಹಲಗೆಗಳಲ್ಲಿ 'ಎಚ್‌ಟಿ', ಅಂದರೆ ಬಿಸಿ ಕೊಟ್ಟ ಮರ ಅಂತ ಸುಟ್ಟ ಮುದ್ರೆ ಇರುತ್ತದೆ. ಮರದ ನಡುಭಾಗದವರೆಗೂ 56 ಡಿಗ್ರಿ ಬಿಸಿ, ಅದು 30 ನಿಮಿಷ ನಿಂತಿರಬೇಕು, ಇದು ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ ಲೋಕವೆಲ್ಲ ಒಪ್ಪಿದ ಲೆಕ್ಕ. 56 ಅಂದರೆ ಏನು ಮಹಾ? ಸ್ನಾನದ ನೀರಿಗಿಂತ ಜಾಸ್ತಿ, ಅಷ್ಟೇ. ಕುದಿಸಬೇಕಾಗಿಲ್ಲ, ಸುಡಬೇಕಾಗಿಲ್ಲ. ಆದರೆ ಆ ಬಿಸಿ ಕೊಡುವ ಕಿಲ್ನ್ (ಮರ ಒಣಗಿಸುವ ಗೂಡು) ಕಟ್ಟಿಸಲು ಲಕ್ಷಗಟ್ಟಲೆ ಕೇಳಿದರು. ನನ್ನ ಶೆಡ್ಡಿಗೆ ಅಷ್ಟು ಬೆಲೆ ಇಲ್ಲ.

ನಮ್ಮ ಕಡೆ ಅಡಿಕೆ ತೋಟ ಇದ್ದವರ ಅಂಗಳದಲ್ಲೆಲ್ಲ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಇದೆ. ಚಾಲಿ, ಅಂದರೆ ಒಣ ಅಡಿಕೆ, ಮಾಡಲು ನಲವತ್ತು ದಿನದ ಮೇಲೆ ಒಣಗಿಸಬೇಕಲ್ಲ, ಅದಕ್ಕೆ. ಏಪ್ರಿಲ್ ಹೊತ್ತಿಗೆ ಒಣಗಿದ ಅಡಿಕೆ ಗೋಣಿ ಸೇರಿ ಅದು ಖಾಲಿ. ಬಿಸಿಲು ನೆತ್ತಿ ಸುಡುವ ತಿಂಗಳೂ ಅದೇ. ಪರಿಚಯದ ಒಬ್ಬ ಭಟ್ಟರನ್ನು ಕೇಳಿದೆ.

"ಎಂತ ಆಚಾರ್ರೇ, ನಿಮ್ಮ ಹುಳು ನನ್ನ ಅಡಿಕೆಗೆ ಹತ್ತಿಕೊಂಡರೆ ಯಾರು ಹೊಣೆ?"

"ಅಡಿಕೆಗೆ ಬೀಳೂದು ಬೇರೆ ಹುಳು ಭಟ್ರೇ. ಇದಕ್ಕೆ ಮರ ಬೇಕು."

"ಬೇರೆ ಅಂತ ಹುಳಕ್ಕೆ ಗೊತ್ತುಂಟಾ?"

ಕೊನೆಗೆ ಒಪ್ಪಿದರು. ಅಡಿಕೆ ಪೂರ್ತಿ ಎತ್ತಿದ ಮೇಲೆ, ತಿಂಗಳಿಗೆ 2,000 ಬಾಡಿಗೆ, ಜೊತೆಗೆ ಅವರ ಮನೆಯ ಉಯ್ಯಾಲೆ ಮಣೆಗೆ ಹೊಸ ಸರಪಳಿ ಹಾಕಿಕೊಡಬೇಕು ಅಂತ ಮಾತು.

ಮೊದಲ ಸಲ ಮಂಚದ ಭಾಗಗಳನ್ನು ಬಿಚ್ಚಿ ಸುಮ್ನೆ ನೆಲದ ಮೇಲೆ ಒರಗಿಸಿಟ್ಟೆ. ಪಾಲಿಹೌಸಿನ ಗಾಳಿ ಮಧ್ಯಾಹ್ನ ಎರಡು ಗಂಟೆಗೆ 58–60 ಮುಟ್ಟಿತು. ಮಂಚದ ದಪ್ಪ ಕಾಲಿಗೆ ನಡುವಿನವರೆಗೆ ತೂತು ಕೊರೆದು ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ತೂರಿಸಿದ್ದೆ, ಆನ್‌ಲೈನಿನಲ್ಲಿ ಇನ್ನೂರು ಚಿಲ್ಲರೆಗೆ ಸಿಗುತ್ತದೆ. ಅದು ತೋರಿಸಿದ್ದು 46, 47. ಸಂಜೆಯಾಗುತ್ತಲೇ ಇಳಿಯಿತು. ಗಾಳಿ ಬಿಸಿಯಾದರೆ ಮರದ ಹೊಟ್ಟೆ ಬಿಸಿಯಾದಂತಲ್ಲ. ಈ ಹಂತದಲ್ಲಿ ನಮ್ಮ ಕಸುಬಿನ ಗೆಳೆಯರು ಬಂದು ನೋಡಿ, ಹಪ್ಪಳ ಸಂಡಿಗೆಯನ್ನೂ ಇಲ್ಲೇ ಒಣಗಿಸಬಹುದಲ್ಲ ಅಂದು ಹೋದರು.

ಆಮೇಲೆ ಬದಲಾಯಿಸಿದ್ದು ಇಷ್ಟು. ಮರವನ್ನು ನೆಲದಿಂದ ಒಂದಡಿ ಎತ್ತರಕ್ಕೆ ಹಾಲೋ ಬ್ಲಾಕ್ ಮೇಲೆ ಏರಿಸಿದೆ, ಯಾಕೆಂದರೆ ಸಿಮೆಂಟ್ ನೆಲ ಬಿಸಿಯನ್ನು ಕುಡಿಯುತ್ತದೆ. ಪ್ರತಿ ಹಲಗೆಯ ನಡುವೆ ರೀಪಿನ (ತೆಳು ಮರದ ಪಟ್ಟಿಯ) ತುಂಡು ಇಟ್ಟು ಗಾಳಿ ಆಡುವಂತೆ ಪೇರಿಸಿದೆ. ಇಡೀ ಪೇರಿಕೆಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿದೆ. ಅಂದರೆ ಪಾಲಿಹೌಸಿನೊಳಗೆ ಇನ್ನೊಂದು ಕಪ್ಪು ಮನೆ. ಪ್ಲಾಸ್ಟಿಕ್ಕನ್ನು ಹೇಗೆ ಮಡಚಬೇಕು, ಎಲ್ಲಿ ಒಂದು ಕಿಂಡಿ ಬಿಡಬೇಕು ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು. ಎರಡು ಮೂರು ಸಲ ಮಾಡಿದರೆ ನಿಮಗೂ ಗೊತ್ತಾಗುತ್ತದೆ.

ಈ ಸಲ ಕಪ್ಪು ಹೊದಿಕೆಯೊಳಗಿನ ಗಾಳಿ 68, 70ರ ಹತ್ತಿರ ಹೋಯಿತು. ಎರಡು ಇಂಚಿನ ಮರದ ನಡುಭಾಗ ಮೂರು ಗಂಟೆ ಸುಮಾರಿಗೆ 57 ದಾಟಿ, ಸೂರ್ಯ ಇಳಿಯುವವರೆಗೂ ಅಲ್ಲೇ ನಿಂತಿತು. ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ನಾನು ವಾರವಿಡೀ ಬಿಟ್ಟೆ. ಪೇರಿಕೆಯ ಅಡಿಯ ಮೂಲೆಯಲ್ಲಿರುವ ಮರ ಯಾವಾಗಲೂ ಹಿಂದೆ ಬೀಳುತ್ತದೆ, ಥರ್ಮಾಮೀಟರ್ ಅಲ್ಲಿ ಇಡಬೇಕು, ಮೇಲಲ್ಲ. ಮೋಡ ಕವಿದರೆ ಆ ದಿನ ಲೆಕ್ಕಕ್ಕಿಲ್ಲ. ನಾಲ್ಕು ಇಂಚಿನ ಕಂಬ ಈ ಪದ್ಧತಿಯಲ್ಲಿ ಒಂದು ಮಧ್ಯಾಹ್ನದೊಳಗೆ ಬೇಯುವುದಿಲ್ಲ, ಅದಕ್ಕೆ ರಾತ್ರಿ ಬಿಸಿ ಇಳಿಯದಂತೆ ಮೇಲೆ ಗೋಣಿ, ಹುಲ್ಲು ಹೊದಿಸಬೇಕು. ಅದರಲ್ಲೂ ಅರ್ಧ ಮಾತ್ರ ಗೆದ್ದಿದ್ದೇನೆ.

ಹಲಗೆ ಬಿರಿಯಲ್ಲವಾ ಅಂತ ಎಲ್ಲರೂ ಕೇಳಿದರು. ಬಿಸಿಲಿಗೆ ಬೆತ್ತಲೆ ಇಟ್ಟರೆ ಬಿರಿಯುತ್ತದೆ. ಪ್ಲಾಸ್ಟಿಕ್ ಒಳಗೆ ಮರದ ತೇವ ಅಲ್ಲೇ ಸುತ್ತುವುದರಿಂದ ನನಗೆ ಬಿರುಕು ಕಮ್ಮಿ. ತುದಿಗಳಿಗೆ ಹಳೆ ಪೇಂಟ್ ಬಳಿದು, ಮೇಲೆ ಭಾರ ಹೇರಿ ಇಡುತ್ತೇನೆ. ಆದರೆ ಸ್ಪಿರಿಟ್ ಪಾಲಿಶ್ ಮೆತ್ತಗಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಬಿಳಿ ಅಂಟು ಹಾಕಿದ ಸಂದುಗಳು ಸಡಿಲಾಗುತ್ತವೆ. ಒಂದು ಕುರ್ಚಿಯ ಬೆನ್ನು ಎಷ್ಟು ಚೆನ್ನಾಗಿ ಬಿಟ್ಟುಕೊಂಡಿತೆಂದರೆ ನಾನೇ ಉಳಿ ಹಾಕಿದರೂ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಈಗ ಬಿಚ್ಚಬಹುದಾದದ್ದನ್ನು ಬಿಚ್ಚಿ, ಉಳಿದದ್ದಕ್ಕೆ ಪಟ್ಟಿ ಬಿಗಿದು ಒಳಗೆ ಕಳಿಸುತ್ತೇನೆ. ಪಾಲಿಶ್ ಕೆರೆದು ಹೊಸದು ಹೊಡೆಯುವ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ.

ಗೆದ್ದೆನಾ ಅಂತ ತಿಳಿಯುವುದು ಹೇಗೆ? ಪುಡಿ ನೋಡಿ ಹೇಳಲಾಗದು. ಹುಳು ಸತ್ತ ಮೇಲೂ ಮಂಚ ಎಳೆದರೆ ಹಳೆ ಪುಡಿ ಉದುರುತ್ತದೆ, ಗಿರಾಕಿ ಹೌಹಾರುತ್ತಾನೆ. ನಾನು ಮಾಡುವುದು: ಹಳೆ ತೂತುಗಳಿರುವ ಜಾಗಕ್ಕೆ ತೆಳು ಗಾಳಿಪಟದ ಕಾಗದವನ್ನು ಮೈದಾ ಗೋಂದಿನಿಂದ ಅಂಟಿಸಿ, ಪೆನ್ಸಿಲಿನಲ್ಲಿ ತಾರೀಕು ಬರೆದಿಡುವುದು. ಒಳಗೆ ಜೀವ ಇದ್ದರೆ ದುಂಬಿ ಕಾಗದವನ್ನೂ ಕೊರೆದೇ ಹೊರಬರಬೇಕು. ಬೇಯಿಸದ ಒಂದು ಮಂಚದ ಕಾಲನ್ನೂ ಹೋಲಿಕೆಗೆ ಅಂತ ಹಾಗೇ ಇಟ್ಟಿದ್ದೆ. ಮಳೆಗಾಲ ಮುಗಿಯುವಾಗ ಆ ಕಾಲಿನ ಕಾಗದ ಜಾಲರಿಯಾಗಿತ್ತು. ಬೇಯಿಸಿದ್ದರ ಮೇಲೆ ಒಂದು ಚುಕ್ಕಿಯೂ ಇಲ್ಲ. ಆಮೇಲೆ ಬಂದ ಮಳೆಗಾಲಗಳಲ್ಲೂ ಇಲ್ಲ. ನಕ್ಕವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಮಾತಾಡಲಿಲ್ಲ, ಕಾಫಿ ಕುಡಿದು ಹೋದರು.

ಬಿಸಿ ಒಂದರಿಂದಲೇ ಆಗುವುದಿಲ್ಲ, ಇದನ್ನು ಮರೆಯಬೇಡಿ. ಬಿಸಿ ಒಳಗಿದ್ದದ್ದನ್ನು ಕೊಲ್ಲುತ್ತದೆ, ಗಂಜಿ ಹಾಗೇ ಇರುತ್ತದೆ. ನಾಳೆ ಪಕ್ಕದ ಮನೆಯಿಂದ ಹೊಸ ದುಂಬಿ ಹಾರಿ ಬಂದರೆ ಮತ್ತೆ ಶುರು. ಅದಕ್ಕೆ ಬೋರಾನ್. ಕೇರಳದ ರಬ್ಬರ್ ಮರದ ಕಾರ್ಖಾನೆಯವರು ಹಾಕುವುದೂ ಇದನ್ನೇ. ಬೋರಿಕ್ ಆಸಿಡ್ ಎರಡು ಪಾಲು, ಬೋರಾಕ್ಸ್ ಮೂರು ಪಾಲು. ನೂರು ಲೀಟರ್ ನೀರಿಗೆ 4 ಕೆಜಿ, 6 ಕೆಜಿ ಅಂತ ನಾನು ಹಾಕುತ್ತೇನೆ. ತಣ್ಣೀರಲ್ಲಿ ಕರಗುವುದಿಲ್ಲ, ಕೈ ಸುಡುವಷ್ಟು ಬಿಸಿ ಇರಬೇಕು. ನಾನು ಕೊಂಡಾಗ ಬೋರಿಕ್ ಕೆಜಿಗೆ 150ರ ಮೇಲೆ, ಬೋರಾಕ್ಸ್ ನೂರರ ಆಸುಪಾಸು.

ಇಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಬೋರಾನ್ ತಾನಾಗಿ ಮರದೊಳಗೆ ಇಳಿಯುವುದು ನೀರಿನ ಜೊತೆ ಮಾತ್ರ. ಒಣ ಮರಕ್ಕೆ ಬ್ರಶ್ಶಿನಲ್ಲಿ ಬಳಿದರೆ ಅದು ಮೇಲಿನ ಪದರದಲ್ಲೇ ಕೂರುತ್ತದೆ. ಹಸಿ ಹಲಗೆಗೆ ಹಾಗಲ್ಲ. ಮಿಲ್ಲಿನಿಂದ ಇಳಿಸಿದ ದಿನ ಅಥವಾ ಮರುದಿನವೇ ಬಿಸಿ ದ್ರಾವಣದಲ್ಲಿ ಮುಳುಗಿಸಬೇಕು. ಇದಕ್ಕೆ ಮಾತ್ರ ದ್ರಾವಣ ಇನ್ನೂ ಗಟ್ಟಿ ಇರಬೇಕು, ಹೆಚ್ಚುಕಡಿಮೆ ಒಂದೂವರೆ ಪಟ್ಟು. ಆಮೇಲೆ ಒತ್ತೊತ್ತಾಗಿ ಪೇರಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿ ನೆರಳಿನಲ್ಲಿಡಬೇಕು. ಒಂದಿಂಚು ದಪ್ಪಕ್ಕೆ ಒಂದು ತಿಂಗಳು, ದಪ್ಪ ಜಾಸ್ತಿಯಾದರೆ ಇನ್ನೂ ಜಾಸ್ತಿ. ಆ ತಿಂಗಳಲ್ಲಿ ಬೋರಾನ್ ಉಪ್ಪು ಒಳಗೆ ಇಳಿಯುತ್ತಾ ಹೋಗುತ್ತದೆ. ಎರಡು ದಿನ ತಡವಾದರೂ ರಬ್ಬರಿಗೆ ನೀಲಿ ಬೂಷ್ಟು ಹಿಡಿಯುತ್ತದೆ, ಅದು ಹುಳಕ್ಕಿಂತ ಬೇಗ ಮರ ಹಾಳು ಮಾಡುತ್ತದೆ. ಬೂಷ್ಟಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದೂ ಹೊಟ್ಟೆಪಾಡಿನ ಲೆಕ್ಕದಲ್ಲೇ ಇರಲಿ.

ಒಣಗಿದ, ಬೇಯಿಸಿದ ಮಂಚಕ್ಕಾದರೆ ಪಾಲಿಶ್ ಇಲ್ಲದ ಎಲ್ಲಾ ಮುಖಕ್ಕೂ ಬಿಸಿ ದ್ರಾವಣವನ್ನು ಧಾರಾಳವಾಗಿ ಬಳಿದು, ಒಂದು ರಾತ್ರಿ ಒದ್ದೆ ಗೋಣಿ ಮುಚ್ಚಿ, ಇನ್ನೊಮ್ಮೆ ಬಳಿದು, ಒಣಗಿದ ಮೇಲೆ ಸೀಲರ್ ಹೊಡೆಯುತ್ತೇನೆ. ಕೆಳಗೆ, ಹಿಂದೆ, ಡ್ರಾಯರಿನ ಒಳಗೆ, ಎಲ್ಲಾ ಕಡೆ. ಉಳಿದ ದ್ರಾವಣವನ್ನು ತೋಟಕ್ಕೆ ಚೆಲ್ಲಬೇಡಿ. ಗಿಡಕ್ಕೆ ಬೋರಾನ್ ಚಿಟಿಕೆ ಬೇಕು, ಬಕೆಟ್ ಬೇಡ, ಜಾಸ್ತಿಯಾದರೆ ಎಲೆ ಸುಡುತ್ತದೆ. ಮಳೆ ಬೀಳುವ ಕಡೆ ಇರುವ ಮರಕ್ಕೂ ಇದು ದಂಡ, ತೊಳೆದು ಹೋಗುತ್ತದೆ.

ಗೋದಾಮಿಗೆ ಇಡುವ ವಿಷದ ಮಾತ್ರೆಯನ್ನು ಕಪಾಟಿನೊಳಗೆ ಇಟ್ಟು ಪ್ಲಾಸ್ಟಿಕ್ ಸುತ್ತುವವರಿದ್ದಾರೆ. ಹುಳು ಸಾಯುತ್ತದೆ, ಹೌದು. ಮನೆಯೊಳಗೆ ಅದನ್ನಿಟ್ಟು ಜನ ಸತ್ತ ಸುದ್ದಿಯನ್ನೂ ನಾವು ಪೇಪರಿನಲ್ಲಿ ಓದಿದ್ದೇವೆ. ಆ ಕೆಲಸಕ್ಕೆ ಲೈಸೆನ್ಸ್ ಇದ್ದವರು ಬೇರೆ ಇದ್ದಾರೆ. ನಾನು ಮುಟ್ಟುವುದಿಲ್ಲ.

ನಡುವೆ ಕೆಲವು ಪೋಕರಿ ಪ್ರಯೋಗಗಳೂ ಆದವು. ಅಮಾವಾಸ್ಯೆಗೆ ಕಡಿದ ಬಿದಿರಿಗೆ ಹುಳು ಬರಲ್ಲ ಅಂತ ಹಿರಿಯರು ಹೇಳುತ್ತಾರಲ್ಲ, ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಒಂದೇ ಹಿಂಡಿಲಿನಿಂದ ಕಡಿಸಿದೆ. ಎರಡಕ್ಕೂ ಅಯೋಡಿನ್ ಕಪ್ಪೇ, ಎರಡಕ್ಕೂ ಹುಳು ಬಂತು. ಅದೇ ಬಿದಿರನ್ನು ತೋಟದ ಕೆರೆಯಲ್ಲಿ ಕಲ್ಲು ಹೇರಿ ಎರಡು ತಿಂಗಳು ಮುಳುಗಿಸಿದ್ದು ಮಾತ್ರ ಉಳಿಯಿತು, ಅಯೋಡಿನ್ ಹಾಕಿದರೆ ಬರೀ ಮಸುಕು. ವಾಸನೆ ಮಾತ್ರ ಹೇಳುವಂತಿಲ್ಲ, ಒಂದು ವಾರ ಮನೆಯವಳು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮಾವಿನ ಮರವೊಂದಕ್ಕೆ ಬುಡದಲ್ಲಿ ಸುತ್ತ ತೊಗಟೆ ತೆಗೆದು ನಿಂತಲ್ಲೇ ಒಣಗಲು ಬಿಟ್ಟು, ತಿಂಗಳುಗಳ ನಂತರ ಕಡಿದದ್ದೂ ಇದೆ. ಮರ ತನ್ನ ಗಂಜಿಯನ್ನು ತಾನೇ ತಿಂದು ಮುಗಿಸುತ್ತದೆ. ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಷ್ಟು ಕಾಯುವ ಮರದ ಮಾಲೀಕ ನನಗೆ ಆ ಒಬ್ಬನನ್ನು ಬಿಟ್ಟರೆ ಸಿಕ್ಕಿಲ್ಲ.

ಯಕ್ಷಗಾನ ಮೇಳದವರೊಬ್ಬರು ಹಳೆ ವೇಷದ ಆಭರಣ ತಂದಿದ್ದರು. ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿದ್ದು. ಭುಜಕೀರ್ತಿ ಎತ್ತಿದರೆ ಪುಡಿ. ಬಿಸಿಗೆ ಇಟ್ಟರೆ ಬೇಗಡೆ ಏಳುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹಿಂಡಿ ಕಟ್ಟಿ, ಐಸ್‌ಕ್ರೀಂ ಅಂಗಡಿಯವರ ಪೆಟ್ಟಿಗೆಯಲ್ಲಿ ಎರಡು ವಾರ ಇಡಿಸಿದೆ. ಮ್ಯೂಸಿಯಂನವರು ಮಾಡುವ ಪದ್ಧತಿ ಅದು. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು, ಬೆವರುತ್ತದೆ, ಒಂದು ದಿನ ಹಾಗೇ ಬಿಡಬೇಕು. ಹುಳು ಹೋಯಿತು. ಅಂಗಡಿಯವರಿಗೆ ಕವರಿನೊಳಗೆ ಏನಿದೆ ಅಂತ ಪೂರ್ತಿ ಹೇಳಿರಲಿಲ್ಲ.

ಹಳೆ ಮನೆಯವರು ಮಾಡಿನ, ಅಂದರೆ ಛಾವಣಿಯ, ಪಕಾಸು, ರೀಪಿನ ಮರ ತೋರಿಸಿ ಕರೆಯುತ್ತಾರೆ. ಹತ್ತಿ ನೋಡಿದರೆ ಹೆಚ್ಚಿನ ಕಡೆ ತೂತಿನ ಅಂಚು ಮಾಸಿ ಕಪ್ಪಾಗಿರುತ್ತದೆ, ಒಳಗೆ ಜೇಡರ ಬಲೆ. ಅದು ಅಜ್ಜನ ಕಾಲದ ಹುಳು. ವರ್ಷ ಕಳೆದಂತೆ ಮರದ ಗಂಜಿ ತೀರುತ್ತದೆ, ಸಣ್ಣ ಹುಳು ತಾನಾಗಿಯೇ ಬಿಡುತ್ತದೆ. ಅದಕ್ಕೆ ಸ್ಪ್ರೇ ಹೊಡೆದು ಮಾಡು ಪೂರ್ತಿ ಇಷ್ಟು ಸಾವಿರ ಅಂತ ಬಿಲ್ ಮಾಡುವವರಿಗೆ ಏನು ಹೇಳುವುದು? ಹೊಸ ತೂತಿನ ಅಂಚು ಚೂಪು, ಒಳಗೆ ಬಿಳಿ. ಅಂಥದ್ದು ಕಂಡರೆ ಬಾಚಿಯಿಂದ ಅಂಚಿನ ಬಿಳಿ ಭಾಗ ಕೆತ್ತಿ ತೆಗೆದು ಬೋರಾನ್ ಬಳಿಯಿರಿ. ಕಿರಾಲ್‌ಬೋಗಿ, ಹಲಸಿನ ಕೆಚ್ಚು ಗಟ್ಟಿಯಾಗಿಯೇ ಇರುತ್ತದೆ. ಮನೆಯವರಿಗೆ ಮೈಯೆಲ್ಲ ಕಚ್ಚಿದ ಗುರುತು ಇದ್ದರೆ ತಿಗಣೆ ಅಂತ ಹಾಸಿಗೆ ಸುಡಬೇಡಿ. ಈ ಹುಳದ ಮರಿಯನ್ನು ಹುಡುಕಿಕೊಂಡು ಇರುವೆಯಂಥ ಪುಟ್ಟ ಕಣಜ ಬರುತ್ತದೆ, ಅದೂ ಕುಟುಕುತ್ತದೆ.

ಲೆಕ್ಕ ಹೇಳುವುದಾದರೆ, ಒಂದು ಬೇಸಿಗೆಗೆ ನನಗೆ ಪಾಲಿಹೌಸ್ ಬಾಡಿಗೆ ನಾಲ್ಕು ಸಾವಿರ, ಕಪ್ಪು ಪ್ಲಾಸ್ಟಿಕ್ ಮೂರು ಸಾವಿರದಷ್ಟು (ಎರಡು ವರ್ಷ ಬರುತ್ತದೆ), ಬೋರಾನಿಗೆ ಐದಾರು ಸಾವಿರ, ಉಳಿದದ್ದು ಕೂಲಿ. ಸಿಎಫ್‌ಟಿಗೆ 80–90 ರೂಪಾಯಿ ಮೇಲೆ ಬಿದ್ದಿಲ್ಲ. ಟ್ರೀಟ್ ಮಾಡಿದ ರಬ್ಬರ್ ಹೊರಗಿಂದ ತಂದರೆ ಹಸಿಯದರ ಎರಡು ಪಟ್ಟು. ಹೋಮ್‌ಸ್ಟೇಯವರ 40 ಸಾವಿರ ಎರಡನೇ ಬೇಸಿಗೆಯಲ್ಲೇ ವಾಪಸ್ ಬಂತು, ಅದರಲ್ಲಿ ಸ್ವಲ್ಪ ಅವರಿಂದಲೇ, ಹೊಸ ಊಟದ ಮೇಜಿನ ಆರ್ಡರಿನಲ್ಲಿ.

ಈಗ ಬೇಯಿಸಲು ಮರ ತರುವವರಿಗೆ ನನ್ನದು ಮೂರೇ ಶರತ್ತು. ಮಾರ್ಚ್ ಕೊನೆಯಿಂದ ಮೇ ಮೂರನೇ ವಾರದೊಳಗೆ ತರಬೇಕು, ಮಳೆ ಶುರುವಾದ ಮೇಲೆ ಫೋನ್ ಮಾಡಬೇಡಿ. ಪಾಲಿಶ್ ಹಾಳಾದರೆ ನನ್ನನ್ನು ಕೇಳಬಾರದು. ಮನೆಯಲ್ಲಿ ಬೇಯಿಸದ ಇನ್ನೊಂದು ಕಪಾಟು ಪುಡಿ ಉದುರಿಸುತ್ತಿದ್ದರೆ ಅದನ್ನೂ ತರಬೇಕು, ಇಲ್ಲದಿದ್ದರೆ ಬಿಲ್ಲಿನಲ್ಲಿ ಗ್ಯಾರಂಟಿ ಬರೆಯುವುದಿಲ್ಲ.